ಎರಡನೇ ಸಿಲಿಂಡರಿನ ಬಡಿತ

ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಕಿವಿಗೆ ಬಿಡುವೇ ಇರುವುದಿಲ್ಲ. ಒಂದು ಕಡೆ ಟಿಂಕರಿಂಗ್ ಮಾಡುವವನು ಗೂಡ್ಸ್ ಗಾಡಿಯ ಬಾಗಿಲಿನ ತಗ್ಗು ತೆಗೆಯುತ್ತಿರುತ್ತಾನೆ. ಇನ್ನೊಂದು ಕಡೆ ಕಬ್ಬಿಣ ಕೊಯ್ಯುವ ಮೆಷಿನ್ನು ಕಿಡಿ ಕಾರುತ್ತ ಕಿರುಚುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರು ಇದ್ದಕ್ಕಿದ್ದಂತೆ ಶುರುವಾಗಿ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ಇಷ್ಟರ ನಡುವೆ ಅರವತ್ತು ದಾಟಿದ ಮೆಕ್ಯಾನಿಕ್ಕೊಬ್ಬರು ಬಿಳಿ ಮಾರುತಿ 800ರ ಬಾನೆಟ್ ಎತ್ತಿ, ಓಡುತ್ತಿರುವ ಎಂಜಿನ್ನಿನ ಮೇಲೆ ಬಾಗಿ ನಿಂತಿದ್ದಾರೆ. ಮೊಳದುದ್ದದ ಸ್ಕ್ರೂಡ್ರೈವರಿನ ಹಿಡಿ ಬಲಗಿವಿಯ ಮುಂದಿನ ಎಲುಬಿಗೆ ಒತ್ತಿದೆ, ತುದಿ ಎಂಜಿನ್ನಿನ ಮೈಗೆ ಊರಿದೆ. ಕಣ್ಣು ಮುಚ್ಚಿವೆ. ಸುತ್ತಲಿನ ಗದ್ದಲವನ್ನೆಲ್ಲ ಬದಿಗೆ ಸರಿಸಿ ಅವರು ಒಂದೇ ಒಂದು ಸದ್ದನ್ನು ಆರಿಸಿಕೊಳ್ಳುತ್ತಿದ್ದಾರೆ.

ಹುಡುಗರಿಗೆ ಅವರು ಉಸ್ತಾದ್, ಗಿರಾಕಿಗಳಿಗೆ ಸಾಬ್ರು. ಕಾರಿನ ಮಾಲೀಕರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಉಡುಪಿಯಲ್ಲಿ ನೆಂಟರ ಮದುವೆ ಮುಗಿಸಿ ಬರುವಾಗ ಆಗುಂಬೆ ಘಾಟಿಯ ತಿರುವಿನಲ್ಲಿ ಮೊದಲು ಕೇಳಿಸಿದ ಬಡಿತ, ಈಗ ಗಾಡಿ ನಿಂತಲ್ಲೇ ಇದ್ದರೂ ಕೇಳಿಸುತ್ತಿದೆ. ದೂರದ ಮನೆಯ ಅಂಗಳದಲ್ಲಿ ಯಾರೋ ಒನಕೆಯಿಂದ ಭತ್ತ ಕುಟ್ಟುತ್ತಿರುವ ಹಾಗೆ, ಮಂದವಾಗಿ, ಆಳದಿಂದ, ಲಯ ತಪ್ಪದೆ.

“ಪೆಟ್ರೋಲ್ ಕಲಬೆರಕೆ ಇರ್ಬೇಕು ಅಂದ್ರು ಸಾಬ್ರೆ. ಬಂಕ್ ಬದಲಾಯಿಸಿ ನೋಡ್ದೆ. ಹೋಗ್ಲಿಲ್ಲ.”

“ಏರಲ್ಲಿ ಮಾತ್ರ ಬರ್ತದಾ, ಸಮ ರಸ್ತೇಲೂ ಬರ್ತದಾ ಗೌಡ್ರೆ?”

“ಈಗ ಸಮದಲ್ಲೂ ಬರ್ತದೆ. ಸ್ಪೀಡಲ್ಲಿ ಹೋಗ್ತಾ ಆಕ್ಸಿಲೇಟರ್ ಬಿಟ್ರೆ ಎರಡು ಮೂರು ಸಲ ಜೋರಾಗಿ ಹೊಡೀತದೆ.”

“ಬೆಳಿಗ್ಗೆ ತಣ್ಣಗಿದ್ದಾಗ ಜಾಸ್ತಿಯಾ, ಬಿಸಿ ಆದ್ಮೇಲೆ ಜಾಸ್ತಿಯಾ?”

“ಬಿಸಿ ಆದ್ಮೇಲೆ.”

ಉಸ್ತಾದ್ ತಲೆಯಾಡಿಸಿದರು. ಈ ಎರಡು ಉತ್ತರಗಳಲ್ಲೇ ಅವರ ಅರ್ಧ ಹುಡುಕಾಟ ಮುಗಿದಿತ್ತು. ಅವರ ಪದ್ಧತಿಯಲ್ಲಿ ಸ್ಪ್ಯಾನರಿಗೆ ಕೊನೆಯ ಸ್ಥಾನ. ಮೊದಲು ಪ್ರಶ್ನೆ, ಆಮೇಲೆ ಕಿವಿ, ಆಮೇಲೆ ಮೂಗು ಮತ್ತು ಕಣ್ಣು. ಇವೆಲ್ಲ ಒಂದೇ ಕಡೆ ಬೊಟ್ಟು ಮಾಡಿದ ಮೇಲೆ ಮಾತ್ರ ಕೈ.

ಪೆಟ್ರೋಲಿನ ಅನುಮಾನ ಆಧಾರವಿಲ್ಲದ್ದೇನಲ್ಲ. ಏರಿನಲ್ಲಿ ಗೇರು ಇಳಿಸದೆ ಎಂಜಿನ್ನನ್ನು ಎಳೆಸಿದರೆ ಕಿಣಿಕಿಣಿ ಎಂದು ಕೇಳುವ ಸದ್ದು ಇಂಧನದ್ದೇ. ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಬೆಂಕಿ ಸಿಲಿಂಡರಿನ ಒಳಗೆ ಒಂದೇ ಹದದಲ್ಲಿ ಹರಡಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಪೆಟ್ರೋಲ್ ಆವಿ ಒತ್ತಡಕ್ಕೂ ಶಾಖಕ್ಕೂ ತಾಳಲಾರದೆ ತಾನಾಗಿ ಸಿಡಿದರೆ, ಆ ಹೊಡೆತಕ್ಕೆ ಸಿಲಿಂಡರಿನ ಗೋಡೆ ಸೆಕೆಂಡಿಗೆ ಸಾವಿರಾರು ಸಲ ಕಂಪಿಸುತ್ತದೆ. ಸೀಮೆಎಣ್ಣೆ ಬೆರೆತ ಪೆಟ್ರೋಲಿನಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಈ ಸದ್ದನ್ನು ಅಡಗಿಸಲೆಂದೇ 1921ರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಪೆಟ್ರೋಲಿಗೆ ಸೀಸದ ಸಂಯುಕ್ತ ಬೆರೆಸುವ ಉಪಾಯ ಕಂಡುಹಿಡಿದ. ಸದ್ದು ಅಡಗಿತು, ಸೀಸ ಮಾತ್ರ ಹೊಗೆಯ ಜೊತೆ ಹೊರಬಂದು ಊರೂರಿನ ಮಕ್ಕಳ ರಕ್ತ ಸೇರಿತು. ಭಾರತ 2000ದ ಫೆಬ್ರುವರಿಯಲ್ಲಿ ಸೀಸದ ಪೆಟ್ರೋಲನ್ನು ನಿಲ್ಲಿಸಿತು. ಎಲ್ಲರಿಗಿಂತ ಕೊನೆಯಲ್ಲಿ, 2021ರಲ್ಲಿ, ಅಲ್ಜೀರಿಯ ಅದನ್ನು ಕೈಬಿಟ್ಟಿತು. ಸದ್ದನ್ನು ಅಡಗಿಸುವುದು ಬೇರೆ, ಅದರ ಕಾರಣವನ್ನು ತೆಗೆಯುವುದು ಬೇರೆ ಎಂಬುದಕ್ಕೆ ಜಗತ್ತು ತೆತ್ತ ಬೆಲೆ ಅದು.

ಗೌಡರ ಕಾರಿನದು ಈ ಜಾತಿಯ ಸದ್ದಲ್ಲ. ಇಂಧನದ ಸದ್ದು ಭಾರ ಬಿದ್ದಾಗ ಮಾತ್ರ ಬರುತ್ತದೆ, ಆಕ್ಸಿಲೇಟರ್ ಬಿಟ್ಟ ಕೂಡಲೆ ಮಾಯವಾಗುತ್ತದೆ. ಇದು ಬಿಟ್ಟ ಕೂಡಲೆ ಹೆಚ್ಚುತ್ತಿದೆ.

“ಉಸ್ತಾದ್, ಟ್ಯಾಪೆಟ್ ಇರ್ಬಹುದಾ?” ಎಂದ ಪಕ್ಕದಲ್ಲಿ ನಿಂತ ಹುಡುಗ. ಐಟಿಐ ಮುಗಿಸಿ ಕೆಲಸ ಕಲಿಯಲು ಬಂದವನು.

ಉಸ್ತಾದ್ ಬೇಡ ಅನ್ನಲಿಲ್ಲ, ಹೌದು ಅನ್ನಲಿಲ್ಲ. ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟು ಮೇಲೆ, ವಾಲ್ವ್ ಕವರಿನ ಮೇಲೆ ಇಡಿಸಿದರು. ಅಲ್ಲಿ ಕೇಳುವುದು ಟಿಕಿಟಿಕಿ. ವಾಲ್ವ್ ತೆರೆಸುವ ಕ್ಯಾಮ್ ಶಾಫ್ಟು, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಟ್ಯಾಪೆಟ್ಟಿನ ಸದ್ದೂ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಸಲ. ಆಮೇಲೆ ತುದಿಯನ್ನು ಕೆಳಗೆ, ಬ್ಲಾಕಿನ ಬುಡಕ್ಕೆ ತಂದರು. ಅಲ್ಲಿ ಧಡ್, ಧಡ್. ಮೇಲಿನದಕ್ಕಿಂತ ಅದರ ಓಟ ಬೇರೆ, ತೂಕ ಬೇರೆ. ಹುಡುಗನ ಮುಖ ಬದಲಾಯಿತು. ಓದಿದ್ದು ಮೊದಲ ಸಲ ಕಿವಿಗೆ ತಲುಪಿದಾಗ ಮೂಡುವ ಬೆರಗು ಅದು.

ಆಮೇಲೂ ಆತುರವಿಲ್ಲ. ಎಂಜಿನ್ ನಿಲ್ಲಿಸಿ, ಫ್ಯಾನ್ ಬೆಲ್ಟ್ ಕಳಚಿ, ಮತ್ತೆ ಒಂದು ನಿಮಿಷ ಓಡಿಸಿದರು. ವಾಟರ್ ಪಂಪಿನ ಬೇರಿಂಗ್, ಆಲ್ಟರ್ನೇಟರಿನ ಸಡಿಲ ಬ್ರ್ಯಾಕೆಟ್ ಎರಡೂ ಎಂಜಿನ್ನಿನ ಹೊಟ್ಟೆಯ ಸದ್ದನ್ನು ನಟಿಸಿ ಮೋಸ ಮಾಡುವುದುಂಟು. ಬೆಲ್ಟ್ ಇಲ್ಲದಿದ್ದರೂ ಬಡಿತ ಹಾಗೇ ಇತ್ತು. ಎಂಜಿನ್ ಮೌಂಟಿಂಗ್ ಅಲುಗಾಡಿಸಿ ನೋಡಿದರು, ಗಟ್ಟಿಯಿದೆ. ಪಿಸ್ಟನ್ ಸಿಲಿಂಡರಿನಲ್ಲಿ ಸಡಿಲವಾಗಿ ಗೋಡೆಗೆ ಬಡಿಯುತ್ತಿದ್ದರೆ ಬೆಳಗಿನ ಚಳಿಯಲ್ಲಿ ಹೆಚ್ಚು ಕೇಳಿ, ಬಿಸಿಯೇರಿ ಲೋಹ ಹಿಗ್ಗಿದ ಮೇಲೆ ಇಳಿಯಬೇಕಿತ್ತು. ಗೌಡರು ಹೇಳಿದ್ದು ಅದಕ್ಕೆ ತಿರುಗುಮುರುಗು. ಪಿಸ್ಟನ್ನಿನೊಳಗಿನ ಗಜನ್ ಪಿನ್ನಿನ ಸದ್ದಾದರೆ ಒಂದರ ಬೆನ್ನಿಗೆ ಇನ್ನೊಂದು ಜೋಡಿಯಾಗಿ, ಠಣಠಣ ಎಂದು ಎತ್ತರದ ದನಿಯಲ್ಲಿ ಬರುತ್ತದೆ. ಹೀಗೆ ಒಂದೊಂದೇ ಬಾಗಿಲು ಮುಚ್ಚುತ್ತ ಬಂದು ಉಳಿದದ್ದು ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡಿನ ಕೆಳತುದಿಯ ಬೇರಿಂಗ್.

ಮೂರು ಸಿಲಿಂಡರಿನಲ್ಲಿ ಯಾವುದು? ಇದಕ್ಕೊಂದು ಸುಂದರವಾದ ಪರೀಕ್ಷೆ ಇದೆ. ಎಂಜಿನ್ ಓಡುತ್ತಿರುವಾಗಲೇ ಒಂದೊಂದು ಪ್ಲಗ್ಗಿನ ಕಿಡಿ ತಪ್ಪಿಸುವುದು. ಕಿಡಿ ಇಲ್ಲದ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯುವುದಿಲ್ಲ, ಪಿಸ್ಟನ್ನಿನ ತಲೆಯ ಮೇಲೆ ಹೊಡೆತ ಬೀಳುವುದಿಲ್ಲ, ಆದ್ದರಿಂದ ಸವೆದ ಬೇರಿಂಗಿಗೂ ಏಟಿಲ್ಲ. ಉಸ್ತಾದ್ ರಬ್ಬರ್ ಹಿಡಿಯ ಇಕ್ಕಳದಿಂದ ಮೊದಲನೇ ವೈರು ಎಳೆದು ಬಾಡಿಗೆ ತಾಗಿಸಿದರು. ಎಂಜಿನ್ ಎಡವಿತು, ಬಡಿತ ಹಾಗೇ ಇತ್ತು. ಅದನ್ನು ಹಾಕಿ ಎರಡನೆಯದು ಎಳೆದರು. ಎಂಜಿನ್ ಮತ್ತೆ ಎಡವಿತು. ಬಡಿತ ನಿಂತೇಹೋಯಿತು. ವೈರು ಮತ್ತೆ ಸಿಕ್ಕಿಸಿದ ಕೂಡಲೆ ಧಡ್, ಧಡ್. ಮೂರನೆಯದನ್ನೂ ಎಳೆದು ನೋಡಿದರು. ಅದು ಗೊತ್ತಿದ್ದರೂ ನೋಡಬೇಕಾದ ಲೆಕ್ಕ.

“ಎರಡನೇ ನಂಬರ್ ಬಿಗ್ ಎಂಡ್” ಎಂದು ಎಂಜಿನ್ ಆಫ್ ಮಾಡಿದರು. ಒಂದು ನಟ್ಟನ್ನೂ ಇನ್ನೂ ಬಿಚ್ಚಿರಲಿಲ್ಲ.

1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು, 2014ರ ಜನವರಿಯಲ್ಲಿ ತಯಾರಿಕೆ ನಿಂತ ಈ ಪುಟ್ಟ ಕಾರಿನ ಎಂಜಿನ್ 796 ಸಿಸಿಯದು. ಪಿಸ್ಟನ್ನಿನ ಓಡಾಟ ಬರೀ 72 ಮಿಲಿಮೀಟರ್. ಆದರೆ ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಪ್ರತಿಯೊಂದು ಪಿಸ್ಟನ್ನೂ ಸೆಕೆಂಡಿಗೆ 100 ಸಲ ದಿಕ್ಕು ಬದಲಿಸುತ್ತದೆ. ಆ ಎಳೆದಾಟವನ್ನೆಲ್ಲ ಹೊರುವುದು ರಾಡಿನ ಕೆಳತುದಿಯಲ್ಲಿ ಕೂತ ಎರಡು ಅರೆಬಳೆ ಆಕಾರದ ತೆಳು ಶೆಲ್ಲುಗಳು. ಬೆನ್ನಿಗೆ ಉಕ್ಕು, ಮುಖಕ್ಕೆ ಮೆತ್ತನೆಯ ಮಿಶ್ರಲೋಹ. ಶೆಲ್ಲಿಗೂ ಕ್ರ್ಯಾಂಕಿಗೂ ನಡುವಿನ ಸಂದು ಮಿಲಿಮೀಟರಿನ ನೂರನೇ ಎರಡರಿಂದ ಐದು ಭಾಗ, ಒಂದು ತಲೆಗೂದಲು ಕೂಡ ನುಸುಳದಷ್ಟು. ಅಲ್ಲಿ ಪಂಪು ಒತ್ತಿ ಕಳಿಸಿದ ಆಯಿಲ್ ತುಂಬಿರುತ್ತದೆ. ಎಲ್ಲ ಸರಿಯಿದ್ದರೆ ಲೋಹ ಲೋಹವನ್ನು ಮುಟ್ಟುವುದೇ ಇಲ್ಲ, ಕ್ರ್ಯಾಂಕು ಆ ಆಯಿಲಿನ ಪದರದ ಮೇಲೆ ತೇಲುತ್ತಲೇ ತಿರುಗುತ್ತದೆ. ಆಯಿಲ್ ಕಡಿಮೆಯಾದರೆ, ತೆಳುವಾದರೆ, ಕೊಳೆಯಾದರೆ ಪದರ ಹರಿಯುತ್ತದೆ. ಮೆತ್ತನೆಯ ಲೋಹ ಸವೆದು ಸಂದು ಅಗಲವಾಗುತ್ತದೆ. ಅಗಲವಾದಷ್ಟೂ ಆಯಿಲ್ ಸೋರಿ ಒತ್ತಡ ಇಳಿಯುತ್ತದೆ, ಇಳಿದಷ್ಟೂ ಸವೆತ ಹೆಚ್ಚುತ್ತದೆ. ಬಿಸಿಯಾದಾಗ ಆಯಿಲ್ ತೆಳುವಾಗುವುದರಿಂದಲೇ ಬಿಸಿ ಎಂಜಿನ್ನಿನಲ್ಲಿ ಬಡಿತ ಜೋರು.

ಉಸ್ತಾದ್ ಆಯಿಲ್ ಪ್ರೆಷರ್ ಸ್ವಿಚ್ ಬಿಚ್ಚಿ ಆ ಜಾಗಕ್ಕೆ ಗೇಜ್ ತಿರುಪಿದರು. ಬಿಸಿ ಎಂಜಿನ್ನಿನ ಐಡ್ಲಿಂಗಿನಲ್ಲಿ ಮುಳ್ಳು ಸೊನ್ನೆಯ ಪಕ್ಕದಲ್ಲೇ ನಡುಗುತ್ತಿತ್ತು. ಸ್ವಿಚ್ ಬಿಚ್ಚುವವರೆಗೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಾತ್ರ ಹೊತ್ತಿರಲಿಲ್ಲ. ಒತ್ತಡ ತೀರ ನೆಲಕಚ್ಚಿದ ಮೇಲೆ ಹೊತ್ತುವ ದೀಪ ಅದು. ಅದು ಉರಿಯುವವರೆಗೂ ಎಲ್ಲ ಸರಿಯಿದೆ ಎಂದು ನಂಬುವವರೇ ಹೆಚ್ಚು.

ಇನ್ನು ಬಿಚ್ಚುವ ಹೊತ್ತು. ಆಯಿಲನ್ನು ಬಿಸಿಯಿರುವಾಗಲೇ ಟ್ರೇಗೆ ಇಳಿಸಿದರು. ಹುಡುಗ ಟ್ರೇಯನ್ನು ಶೆಡ್ಡಿನ ಹೊರಗೆ ಬಿಸಿಲಿಗೆ ತಂದು ಓರೆ ಮಾಡಿದ. ಕಪ್ಪು ಆಯಿಲಿನ ಮೈಮೇಲೆ ಸಣ್ಣಸಣ್ಣ ಮಿನುಗು, ಕೆಲವು ಬೆಳ್ಳಗೆ, ಕೆಲವು ತಾಮ್ರದ ಬಣ್ಣ. ಉಸ್ತಾದ್ ಹಳೆಯ ಸ್ಪೀಕರಿನ ಆಯಸ್ಕಾಂತವನ್ನು ಅದರಲ್ಲಿ ಆಡಿಸಿ ಎತ್ತಿದರು. ಏನೂ ಅಂಟಿಲ್ಲ. ಅಂಟಿದ್ದರೆ ಅದು ಕಬ್ಬಿಣ ಅಥವಾ ಉಕ್ಕು, ಕ್ರ್ಯಾಂಕೋ ರಿಂಗೋ ಗೇರೋ ಸವೆಯುತ್ತಿದೆ ಎಂದರ್ಥ. ಅಂಟದೆ ಮಿನುಗುವುದು ಬೇರಿಂಗಿನ ಲೋಹ. ಫಿಲ್ಟರನ್ನು ಹ್ಯಾಕ್ಸಾದಿಂದ ಕೊಯ್ದು ಒಳಗಿನ ಮಡಿಕೆ ಕಾಗದ ಬಿಡಿಸಿದರೆ ಅಲ್ಲೂ ಅದೇ ಮಿನುಗು.

ಕಾರಿನಡಿ ಮಲಗಿ ಆಯಿಲ್ ಚೇಂಬರ್ ಇಳಿಸಿದರು. ಎರಡನೇ ರಾಡನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಎಳೆದಾಗ ಕಟ್ ಕಟ್ ಎಂದಿತು. ಉಳಿದೆರಡು ಅಲುಗಲಿಲ್ಲ. ಕ್ಯಾಪಿನ ಮೇಲೂ ರಾಡಿನ ಮೇಲೂ ಪಂಚಿನಿಂದ ಎರಡೆರಡು ಚುಕ್ಕೆ ಗುರುತು ಹಾಕಿ ನಟ್ಟು ಬಿಚ್ಚಿದರು. ಒಂದು ರಾಡಿನ ಕ್ಯಾಪು ಇನ್ನೊಂದಕ್ಕೆ ಹೋಗಬಾರದು, ಹಿಂದುಮುಂದೂ ಆಗಬಾರದು. ಕ್ಯಾಪಿನಿಂದ ಹೊರಬಂದ ಶೆಲ್ಲನ್ನು ಬನಿಯನ್ ವೇಸ್ಟಿನಿಂದ ಒರೆಸಿ ಗೌಡರ ಅಂಗೈಯಲ್ಲಿಟ್ಟರು. ಬೂದು ಬಣ್ಣದ ನುಣುಪು ಮುಖ ಇರಬೇಕಾದ ಕಡೆ ಅರ್ಧಕ್ಕೂ ಹೆಚ್ಚು ಭಾಗ ತಾಮ್ರವಾಗಿ ಹೊಳೆಯುತ್ತಿತ್ತು. ಉಳಿದ ಅರ್ಧದಲ್ಲಿ ಉಗುರಿಗೆ ತಾಗುವಷ್ಟು ಆಳದ ಗೀರುಗಳು. ತೂಕವೇ ಇಲ್ಲದ ಈ ತಗಡಿನ ಚೂರು ಇಡೀ ಕಾರನ್ನು ಮೂಲೆಗೆ ಕೂರಿಸಿತ್ತು.

“ಇಷ್ಟೇ ತಾನೆ? ಹೊಸಾದು ಹಾಕಿ ಕೊಟ್ಬಿಡಿ ಸಾಬ್ರೆ. ಕೊಯ್ಲು ಶುರು ಆಗಿದೆ, ಗಾಡಿ ಇಲ್ದಿದ್ರೆ ಕಷ್ಟ.”

“ಹಾಕ್ಬಹುದು ಗೌಡ್ರೆ. ಸಂಜೆಗೇ ಕೊಡ್ಬಹುದು. ಸದ್ದು ಹೋಗ್ತದೆ. ಆದ್ರೆ ಅದು ಯಾಕೆ ಹೋಯ್ತು ಅಂತ ಗೊತ್ತಾಗ್ದೆ ಹಾಕಿದ್ರೆ ಹೊಸಾದೂ ಅದೇ ದಾರಿ ಹಿಡೀತದೆ. ಆಗ ರಾಡ್ ಮುರ್ದು ಬ್ಲಾಕ್ ಒಡೀಬಹುದು.”

ಗೌಡರಿಗೆ ಬೇರೆಡೆ ಇದಕ್ಕಿಂತ ಅಗ್ಗದ ಸಲಹೆ ಸಿಕ್ಕಿತ್ತು: ದಪ್ಪ ಆಯಿಲ್ ಹಾಕಿ ಓಡಿಸಿ. ಸೆಕೆಂಡ್ ಹ್ಯಾಂಡ್ ಗಾಡಿ ಮಾರುವವರಲ್ಲಿ ಕೆಲವರು ಮಾಡುವುದೂ ಅದನ್ನೇ. ದಪ್ಪ ಆಯಿಲ್ ಅಗಲವಾದ ಸಂದನ್ನು ತುಂಬಿ ಬಡಿತಕ್ಕೆ ಮುಸುಕು ಹಾಕುತ್ತದೆ, ಒಳಗಿನ ಸವೆತ ಕೇಳಿಸದೆ ಮುಂದುವರಿಯುತ್ತದೆ. ಎಂಜಿನ್ನಿಗೆ ಇರುವುದು ಸದ್ದೊಂದೇ ಮಾತು. ಅದನ್ನೂ ಕಸಿದುಕೊಂಡು ಇನ್ನೊಬ್ಬರ ಕೈಗೆ ದಾಟಿಸುವುದು ವ್ಯಾಪಾರವಲ್ಲ, ವಂಚನೆ. ಘಾಟಿಯ ನಡುವೆ ಎಂಜಿನ್ ಬಿಗಿದು ನಿಂತ ಕಾರಿನಲ್ಲಿ ಹೆಂಗಸರು ಮಕ್ಕಳೂ ಇರುತ್ತಾರೆ.

ಯಾಕೆ ಎಂಬ ಪ್ರಶ್ನೆಗೆ ಉತ್ತರ ಚೇಂಬರಿನ ತಳದಲ್ಲೇ ಸಿಕ್ಕಿತು. ಆಯಿಲ್ ಹೀರುವ ಪೈಪಿನ ತುದಿಯಲ್ಲಿ ಒಂದು ಜಾಲರಿ ಇರುತ್ತದೆ. ಅದರ ಮುಕ್ಕಾಲು ಭಾಗ ಮುಚ್ಚಿಹೋಗಿತ್ತು. ಮುಚ್ಚಿದ್ದರಲ್ಲಿ ಒಂದು ಪಾಲು ಕಪ್ಪು ಮಡ್ಡಿ, ಇನ್ನೊಂದು ಪಾಲು ರಬ್ಬರಿನ ಎಳೆಗಳು. ಹಿಂದೆಂದೋ ಬೇರೊಂದು ಗ್ಯಾರೇಜಿನಲ್ಲಿ ಚೇಂಬರಿನ ಸೋರಿಕೆ ನಿಲ್ಲಿಸಲು ಗ್ಯಾಸ್ಕೆಟ್ ಪೇಸ್ಟನ್ನು ಧಾರಾಳವಾಗಿ ಬಳಿದಿದ್ದಾರೆ. ಬೋಲ್ಟು ಬಿಗಿದಾಗ ಹೆಚ್ಚಾದದ್ದು ಒಳಕ್ಕೂ ಉಕ್ಕಿ, ಒಣಗಿ, ಉದುರಿ, ಜಾಲರಿ ಸೇರಿದೆ. ಹೊರಗಿನ ಒಂದು ಹನಿ ಸೋರಿಕೆಗೆ ಮಾಡಿದ ಮದ್ದು ಒಳಗಿನ ಉಸಿರನ್ನೇ ಕಟ್ಟಿದೆ.

ಮಡ್ಡಿಯ ಕಥೆ ಮಲೆನಾಡಿನದು. ಮಳೆಗಾಲದಲ್ಲಿ ಗೌಡರ ಕಾರು ಓಡುವುದು ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ. ಎಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ಪಯಣ ಮುಗಿದಿರುತ್ತದೆ. ಪೆಟ್ರೋಲ್ ಉರಿದಾಗ ಹುಟ್ಟುವ ನೀರಿನ ಆವಿ ಹೊರಹೋಗದೆ ತಣ್ಣನೆಯ ಗೋಡೆಗೆ ಹನಿಗಟ್ಟಿ ಆಯಿಲಿಗಿಳಿಯುತ್ತದೆ. ಆಯಿಲ್ ಹಾಕುವ ಬಾಯಿಯ ಮುಚ್ಚಳ ತೆಗೆದರೆ ಒಳಮೈಗೆ ಕಂದು ಬಿಳುಪಿನ ಲೋಳೆ ಅಂಟಿರುವುದು ಇದರ ಗುರುತು. ಕಿಲೋಮೀಟರ್ ಕಡಿಮೆ ಓಡಿದೆ ಎಂದು ಆಯಿಲ್ ಬದಲಿಸದೆ ವರ್ಷಗಟ್ಟಲೆ ಬಿಟ್ಟರೆ ಅದು ಮಡ್ಡಿಯಾಗುತ್ತದೆ. ಕಡಿಮೆ ಓಡುವ ಗಾಡಿಗೆ ಆಯಿಲಿನ ಲೆಕ್ಕ ಕಿಲೋಮೀಟರಿನಲ್ಲಲ್ಲ, ತಿಂಗಳಿನಲ್ಲಿ ಎಂದು ಉಸ್ತಾದ್ ಎಲ್ಲ ಗಿರಾಕಿಗಳಿಗೂ ಹೇಳುತ್ತಾರೆ.

ಗೌಡರು ಒಪ್ಪಿದರು. ಚೈನ್ ಬ್ಲಾಕಿಗೆ ನೇತುಬಿದ್ದ ಎಂಜಿನ್ ಕೆಳಗಿಳಿಯಿತು. ಕ್ರ್ಯಾಂಕು ಲೇತ್ ಅಂಗಡಿಗೆ ಹೋಯಿತು. ಆ ಅಂಗಡಿಯ ಮೂಲೆಯಲ್ಲಿ ಹರಿಹರದ ಮೈಸೂರು ಕಿರ್ಲೋಸ್ಕರಿನ ಹಳೆಯ ಲೇತೊಂದು ಇಂದಿಗೂ ಸುತ್ತುತ್ತಿದೆ. 1941ರಲ್ಲಿ ಶುರುವಾದ ಆ ಕಾರ್ಖಾನೆ ಮುಚ್ಚಿ ವರ್ಷಗಳಾದರೂ ಅದರ ಯಂತ್ರಗಳು ನಮ್ಮ ಊರುಗಳ ಹೊಟ್ಟೆಪಾಡು ನಡೆಸುತ್ತಿವೆ. ಪಕ್ಕದ ಗ್ರೈಂಡಿಂಗ್ ಮೆಷಿನ್ನಿಗೆ ಏರಿಸುವ ಮುನ್ನ ಅಲ್ಲಿನ ಮೇಸ್ತ್ರಿ ಮೈಕ್ರೋಮೀಟರ್ ಹಿಡಿದು, ಶೆಲ್ಲು ಅಪ್ಪಿ ಕೂರುವ ಕ್ರ್ಯಾಂಕಿನ ದುಂಡು ಭಾಗವಾದ ಜರ್ನಲ್ಲನ್ನು ಅಡ್ಡಕ್ಕೆ, ಉದ್ದಕ್ಕೆ, ಈ ತುದಿಗೆ, ಆ ತುದಿಗೆ ಅಳೆದರು. ದುಂಡಗಿರಬೇಕಾದದ್ದು ಎರಡನೆಯ ಜರ್ನಲ್ಲಿನಲ್ಲಿ ಮೊಟ್ಟೆಯ ಕಡೆ ವಾಲಿತ್ತು. ಇದರ ಮೇಲೆ ಹೊಸ ಶೆಲ್ ಕೂರಿಸಿದ್ದರೆ ಸಂಜೆಗೆ ಹೋದ ಸದ್ದು ಬೇಗನೆ ತಿರುಗಿ ಬರುತ್ತಿತ್ತು. ಮೂರು ಜರ್ನಲ್ಲನ್ನೂ 0.25 ಮಿಲಿಮೀಟರ್ ಕೆಳಗಿನ ಅಳತೆಗೆ ಉಜ್ಜಿ, ಅದೇ ಅಂಡರ್ ಸೈಜಿನ ಶೆಲ್ ಹಾಕುವುದೆಂದು ತೀರ್ಮಾನವಾಯಿತು.

ಉಜ್ಜಿ ಬಂದ ಕ್ರ್ಯಾಂಕಿನ ಆಯಿಲ್ ದಾರಿಗಳಿಗೆ ಉಸ್ತಾದ್ ತಾವೇ ತಂತಿ ತೂರಿಸಿದರು. ಪೆಟ್ರೋಲ್ ಹೊಯ್ದು ತೊಳೆದು, ಗಾಳಿ ಬಿಟ್ಟರು. ಎರಡನೇ ಜರ್ನಲ್ಲಿಗೆ ಹೋಗುವ ರಂಧ್ರದಿಂದ ಕಪ್ಪು ಮಡ್ಡಿಯ ಉಂಡೆಯೊಂದು ಹೊರಬಿತ್ತು. ಮೂರರಲ್ಲಿ ಎರಡನೆಯದೇ ಯಾಕೆ ಮೊದಲು ಹೋಯಿತು ಎಂಬುದಕ್ಕೂ ಉತ್ತರ ಸಿಕ್ಕಿತು. ಅವರು ಅದನ್ನು ಬೆರಳಲ್ಲಿ ಹೊಸಕಿ ಹುಡುಗನಿಗೆ ತೋರಿಸಿದರು. ಅವರ ಪಾಲಿಗೆ ರಿಪೇರಿ ಮುಗಿದದ್ದು ಆ ಗಳಿಗೆಯಲ್ಲಿ. ಉಳಿದದ್ದು ಜೋಡಣೆ.

ಜೋಡಣೆಯಲ್ಲೂ ಊಹೆಗೆ ಜಾಗವಿಲ್ಲ. ಒಣಗಿದ ಜರ್ನಲ್ಲಿನ ಮೇಲೆ ಪ್ಲಾಸ್ಟಿಗೇಜಿನ ಹಸಿರು ಎಳೆಯೊಂದನ್ನು ಅಡ್ಡ ಮಲಗಿಸಿ, ಟಾರ್ಕ್ ರೆಂಚಿನಿಂದ ಕ್ಯಾಪು ಬಿಗಿದು, ಕ್ರ್ಯಾಂಕು ತಿರುಗಿಸದೆ ಮತ್ತೆ ಬಿಚ್ಚಿದರು. ಒತ್ತಡಕ್ಕೆ ಎಳೆ ಚಪ್ಪಟೆಯಾಗಿತ್ತು. ಅದರ ಅಗಲವನ್ನು ಪೊಟ್ಟಣದ ಮೇಲಿನ ಅಳತೆಪಟ್ಟಿಗೆ ಹಿಡಿದರೆ ಶೆಲ್ಲಿಗೂ ಕ್ರ್ಯಾಂಕಿಗೂ ಇರುವ ಸಂದು ಗೊತ್ತಾಗುತ್ತದೆ. ಎಳೆ ಅಗಲವಾದಷ್ಟೂ ಸಂದು ಕಿರಿದು. ಮೂರೂ ಲೆಕ್ಕದೊಳಗೆ ಬಂದವು. ಎಳೆಯನ್ನು ಒರೆಸಿ ತೆಗೆದು, ಶೆಲ್ಲುಗಳಿಗೆ ಆಯಿಲ್ ಸವರಿ, ಚುಕ್ಕೆಗೆ ಚುಕ್ಕೆ ಕೂಡಿಸಿ ಕೊನೆಯ ಸಲ ಬಿಗಿದರು. ಹೊಸ ಆಯಿಲ್ ಪಂಪು, ಹೊಸ ಜಾಲರಿ, ಹೊಸ ಟೈಮಿಂಗ್ ಬೆಲ್ಟು. ಚೇಂಬರಿಗೆ ಪೇಸ್ಟು ಈ ಸಲವೂ ಬೇಕಿತ್ತು, ತೆಳುವಾದ ಒಂದೇ ಗೆರೆ ಸಾಕಾಯಿತು.

ಎಂಜಿನ್ ಏರಿಸಿದ ಮೇಲೂ ನೇರವಾಗಿ ಸ್ಟಾರ್ಟ್ ಮಾಡಲಿಲ್ಲ. ಪ್ಲಗ್ ಬಿಚ್ಚಿ, ಕಿಡಿ ತಪ್ಪಿಸಿ, ಕೆಂಪು ದೀಪ ಆರುವವರೆಗೆ ಸೆಲ್ಫ್ ಹೊಡೆಸಿದರು. ಆಯಿಲ್ ಎಲ್ಲ ಮೂಲೆಗೂ ತಲುಪುವ ಮೊದಲು ಹೊಸ ಬೇರಿಂಗಿನ ಮೇಲೆ ಉರಿಯುವ ಪೆಟ್ರೋಲಿನ ಏಟು ಬೀಳಬಾರದು. ಆಮೇಲೆ ಪ್ಲಗ್ ಹಾಕಿ ಕೀ ತಿರುಗಿಸಿದಾಗ ಮೂರು ಸಿಲಿಂಡರಿನ ಎಂದಿನ ಗುರುಗುರು ಕೇಳಿತು. ಬಿಸಿಯಾಗುವವರೆಗೂ ಕಾದು, ಸ್ಕ್ರೂಡ್ರೈವರನ್ನು ಹುಡುಗನ ಕೈಗೇ ಕೊಟ್ಟರು. ಅವನು ಬ್ಲಾಕಿನ ಬುಡದಲ್ಲಿ ಮೂರು ಕಡೆಯೂ ಇಟ್ಟು ಕೇಳಿ, “ಇಲ್ಲ ಉಸ್ತಾದ್” ಎಂದ. ಗೇಜಿನ ಮುಳ್ಳು ಅದನ್ನೇ ಹೇಳುತ್ತಿತ್ತು. ಗೌಡರಿಗೆ ಸಿಕ್ಕ ಸೂಚನೆಗಳು ಚಿಕ್ಕವು: ಸದ್ಯಕ್ಕೆ ಜೋರಾಗಿ ಓಡಿಸಬೇಡಿ, ಏರಿನಲ್ಲಿ ಗೇರು ಇಳಿಸಿ, 1000 ಕಿಲೋಮೀಟರಿಗೆ ಬಂದು ಆಯಿಲ್ ಬದಲಿಸಿಕೊಳ್ಳಿ.

ಇಂದಿನ ಹೊಸ ಕಾರುಗಳಲ್ಲಿ ಪೆಟ್ರೋಲಿನ ಕಿಣಿಕಿಣಿಯನ್ನು ಹಿಡಿಯಲು ಬ್ಲಾಕಿಗೆ ನಾಕ್ ಸೆನ್ಸರ್ ಕೂರಿಸಿರುತ್ತಾರೆ. ಅದು ಕಂಪನವನ್ನು ವಿದ್ಯುತ್ತಾಗಿಸಿ ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರ್ ಕಿಡಿಯನ್ನು ಕೊಂಚ ತಡವಾಗಿಸುತ್ತದೆ. ದೊಡ್ಡ ಉಪಕಾರವೇ. ಆದರೆ ಎರಡನೇ ಶೆಲ್ ಸವೆದಿದೆ ಎಂದು ಹೆಸರು ಹಿಡಿದು ಹೇಳುವ ಕೋಡ್ ಸ್ಕ್ಯಾನರಿನಲ್ಲಿ ಬರುವುದಿಲ್ಲ. ಜಾಲರಿಯಲ್ಲಿ ಪೇಸ್ಟು ಸಿಕ್ಕಿಕೊಂಡಿದೆ ಎಂದಂತೂ ಅದು ಹೇಳಲಾರದು. ಅದಕ್ಕೆ ಈಗಲೂ ಕೇಳುವ ಕಿವಿ ಮತ್ತು ಸುಮ್ಮನೆ ಒಪ್ಪಿಕೊಳ್ಳದ ಮನಸ್ಸು ಬೇಕು. ಈ ವಿದ್ಯೆ ಉಸ್ತಾದನ ಪಕ್ಕದಲ್ಲಿ ನಿಂತು ಕಲಿಯುವಂಥದ್ದು. ನಮ್ಮ ಐಟಿಐಗಳು ಇಂಥ ಹಿರಿಯರನ್ನು ಕರೆಸಿ, ಬಡಿಯುವ ಎಂಜಿನ್ನೊಂದನ್ನು ಮುಂದಿಟ್ಟು, ಮಕ್ಕಳ ಕಿವಿ ಪಳಗಿಸುವ ಪಾಠವನ್ನು ತರಗತಿಯೊಳಗೆ ತರಬೇಕು.

ಗಾಡಿ ಇಟ್ಟುಕೊಂಡ ನಮಗೂ ಇದರಲ್ಲಿ ಪಾಲಿದೆ. ಎಂಜಿನ್ನಿನ ಆಳದಿಂದ ಹೊಸ ಬಡಿತ ಕೇಳಿದರೆ ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಆಯಿಲ್ ಕಡ್ಡಿ ಎಳೆದು ನೋಡಬೇಕು. ಊರು ಹತ್ತಿರವೇ ಇದೆ ಎಂದು ಓಡಿಸಬಾರದು, ಎಳೆಸಿಕೊಂಡು ಹೋಗಬೇಕು. ಶೆಲ್ಲಿನಲ್ಲಿ ಮುಗಿಯುವ ಖರ್ಚು ಬ್ಲಾಕಿಗೆ ಮುಟ್ಟುವುದು ಆ ಕೊನೆಯ ಕೆಲವು ಕಿಲೋಮೀಟರುಗಳಲ್ಲಿ. ಗ್ಯಾರೇಜಿನಲ್ಲಿ ಕೆಟ್ಟ ಭಾಗವನ್ನು ಕೈಯಲ್ಲಿ ಹಿಡಿದು ನೋಡಿ, ಯಾಕೆ ಹೋಯಿತು ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಹುಡುಕಿಕೊಡುವ ಮೆಕ್ಯಾನಿಕ್ ಸಿಕ್ಕರೆ ಅವರು ಕೇಳಿದಷ್ಟು ದಿನ ಕೊಡಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.